'ಭಾವಚಿತ್ರ': ಒಂದು ಪದದ ಅರ್ಥವ್ಯಾಪ್ತಿ

ಇಂಗ್ಲಿಷಿನ 'ಪೋರ್ಟ್ರೇಟ್' ಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ 'ಭಾವಚಿತ್ರ' ಎಂಬ ಸಮಾನಪದವನ್ನು ಬಳಸಲಾಗುತ್ತದೆ. ಹೊರನಾಡಿನಲ್ಲಿದ್ದು ಎರಡು ಮೂರು ಭಾಷೆಗಳ ನಡುವೆ ವ್ಯವಹರಿಸುವ ಸಂಶೋಧಕರಿಗೆ ಈ ಸಮೀಕರಣವು ತೋರುವಷ್ಟು ನಿರಪಾಯವಾದುದಲ್ಲ.

ಪೋರ್ಟ್ರೇಟ್ ಫ್ರೆಂಚಿನ ಮೂಲಕ ಬಂದ ಪದ. ಅದರ ಹಿಂದಿರುವ ಲ್ಯಾಟಿನ್ ಧಾತುವಿಗೆ 'ಹೊರಕ್ಕೆ ಸೆಳೆ' ಎಂದರ್ಥ. ಬಳಕೆಯಲ್ಲಿ ಅದು ನಿರ್ದಿಷ್ಟ ವ್ಯಕ್ತಿಯೊಬ್ಬನ ಸಾದೃಶ್ಯವನ್ನು ಸೂಚಿಸುತ್ತದೆ. ಈ ಸಾದೃಶ್ಯಕ್ಕೆ ನಮ್ಮ ಶಾಸ್ತ್ರಪರಂಪರೆಯಲ್ಲಿ ಪ್ರತ್ಯೇಕ ಹೆಸರೇ ಇದ್ದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವು ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯ ಪ್ರತಿಬಿಂಬದಂತೆ ಹೋಲಿಕೆ ಕೂಡಿಬಂದುದನ್ನು 'ವಿದ್ಧಚಿತ್ರ'ವೆನ್ನುತ್ತದೆ. ಕೇವಲ ಆಕಾರ ಮಾತ್ರ ಸಿದ್ಧಿಸಿದುದು 'ಅವಿದ್ಧ'. 'ಭಾವಚಿತ್ರ'ವೂ ಅಲ್ಲಿ ಉಂಟು. ಆದರೆ ಅದು ನೋಡಿದೊಡನೆಯೇ ಶೃಂಗಾರಾದಿ ರಸಗಳು ವೇದ್ಯವಾಗುವ ಚಿತ್ರ. ಮುಖ ಯಾರದೆಂಬ ಪ್ರಶ್ನೆಗೆ ಆ ಲಕ್ಷಣದಲ್ಲಿ ಸ್ಥಾನವಿಲ್ಲ. ಇಂದು ನಾವು ಭಾವಚಿತ್ರವೆನ್ನುವುದು ಸೋಮೇಶ್ವರನ ವರ್ಗೀಕರಣದಲ್ಲಿ ವಿದ್ಧಚಿತ್ರಕ್ಕೆ ಸಲ್ಲಬೇಕು. ಆ ಗ್ರಂಥದ ಭಾವಚಿತ್ರವನ್ನು ಪೋರ್ಟ್ರೇಟ್ ಎಂದು ಅನುವಾದಿಸಿದಲ್ಲಿ, ಅದರ ಮೇಲೆ ಕಟ್ಟಿದ ಕಲಾಚರಿತ್ರೆಯ ವಾದವೇ ತಲೆಕೆಳಗಾದೀತು.

ಆಡಳಿತ ಕನ್ನಡದಲ್ಲಿ ಈ ಪದದ ಪಾಡು ಇನ್ನೂ ವಿಚಿತ್ರ. ಅರ್ಜಿ ನಮೂನೆಗಳಲ್ಲಿ ಅಂಟಿಸಬೇಕಾದ 'ಇತ್ತೀಚಿನ ಭಾವಚಿತ್ರ'ವೆಂದರೆ ಪಾಸ್‌ಪೋರ್ಟ್ ಅಳತೆಯ ಫೋಟೊ. ಭಾವವೊಂದನ್ನುಳಿದು ಮಿಕ್ಕೆಲ್ಲವೂ ಅದರಲ್ಲಿರುತ್ತದೆ! 'ಛಾಯಾಚಿತ್ರ'ವು ತಂತ್ರವನ್ನು ಹೇಳುವ ಪದ, ವಸ್ತು ಬೆಟ್ಟವಾಗಲಿ ಮನುಷ್ಯನಾಗಲಿ. 'ಭಾವಚಿತ್ರ'ವಾದರೋ ವಸ್ತುವನ್ನು ಹೇಳುತ್ತದೆ, ಸಾಧನ ಕುಂಚವಾಗಲಿ ಕ್ಯಾಮರಾ ಆಗಲಿ. ಮನೆಮಾತಿನಲ್ಲಿ ಈ ಎರಡಕ್ಕಿಂತ 'ಪಟ', 'ಫೋಟೊ'ಗಳೇ ಹೆಚ್ಚು. ಗೋಡೆಯ ಮೇಲಿನ ದೇವರದೂ ಪಟ, ಗತಿಸಿದ ಹಿರಿಯರದೂ ಪಟ. ಸಂಸ್ಕೃತದಲ್ಲಿ ಪಟವೆಂದರೆ ಬಟ್ಟೆ. ಬಟ್ಟೆ ಹೋಗಿ ಕಾಗದ, ಗಾಜು, ಕಟ್ಟುಗಳು ಬಂದರೂ ಹೆಸರು ಉಳಿಯಿತು.

ನೆರೆಭಾಷೆಗಳೊಡನೆ ಹೋಲಿಸುವಾಗ ಹೆಚ್ಚಿನ ಎಚ್ಚರ ಅಗತ್ಯ. ಮರಾಠಿಯ 'ವ್ಯಕ್ತಿಚಿತ್ರ' ಕುಂಚದ ಕೃತಿಗೂ ಸಲ್ಲುತ್ತದೆ, ಪು. ಲ. ದೇಶಪಾಂಡೆಯವರ 'ವ್ಯಕ್ತಿ ಆಣಿ ವಲ್ಲಿ'ಯಂಥ (1962) ಗದ್ಯಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಅದೇ ಪದ ಬಹುಮಟ್ಟಿಗೆ ಗದ್ಯಪ್ರಕಾರದ ಹೆಸರು, ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯ ಅನೇಕ ಬರಹಗಳು ಈ ಜಾತಿಗೆ ಸೇರಿದವು. 'ನುಡಿಚಿತ್ರ'ವನ್ನು ಇದರ ಪರ್ಯಾಯವೆಂದು ಹಿಡಿಯುವುದು ಕ್ಷೇಮವಲ್ಲ, ಪತ್ರಿಕೆಗಳಲ್ಲಿ ಅದು ಯಾವುದೇ ವಿಷಯದ ವಿಶೇಷ ಲೇಖನವಾಗಿರಬಹುದು. ಹೈದರಾಬಾದಿನ ಮಿತ್ರರಿಗೆ ಎದುರಾಗುವ ತೊಡಕು ಬೇರೆ ಬಗೆಯದು. ತೆಲುಗು ವಿಮರ್ಶೆಯಲ್ಲಿ 'ಭಾವಚಿತ್ರಂ' ಎಂದರೆ ಕಾವ್ಯದ ಇಮೇಜ್; ಅದನ್ನು ಕನ್ನಡಕ್ಕೆ ತರುವಾಗ 'ಪ್ರತಿಮೆ' ಎನ್ನಬೇಕು. ಪ್ರತಿಮೆಯೆಂದರೆ ಕಲ್ಲಿನ ವಿಗ್ರಹವೂ ಹೌದಾದ ಕಾರಣ, ಮೊದಲ ಪ್ರಯೋಗದಲ್ಲಿ 'ಕಾವ್ಯಪ್ರತಿಮೆ' ಎಂದು ಬರೆಯುವುದು ಲೇಸು.