ಹದಿನೆಂಟು ತುಂಬಿದರೆ ಸಾಕೇ?

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶಕ್ಕೆ ಊರು ಬಿಟ್ಟು ಕೆಲಸಕ್ಕೆ ಬರುವ ಯುವಕ ಯುವತಿಯರಿಗೆ ಮೊದಲ ಸಂಬಳ, ಬಾಡಿಗೆ ರೂಮು, ರಾತ್ರಿ ಪಾಳಿ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ಕಾನೂನಿನಲ್ಲಿ 18 ತುಂಬಿದವರು ವಯಸ್ಕರು. 1989ರಿಂದ ಮತದಾನಕ್ಕೂ ಅದೇ ವಯಸ್ಸು. ಆದರೆ ಸಂಸಾರದ ಹೊಣೆ ಒಂದೇ ದಿನದಲ್ಲಿ ಬರುವುದಲ್ಲ.

ನಮ್ಮ ಪರಂಪರೆ ಇದಕ್ಕೆ ಮೆಟ್ಟಿಲುಗಳನ್ನು ಇಟ್ಟಿದೆ. 9ನೇ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳಿವೆ. ವಿದ್ಯಾಭ್ಯಾಸ ಮುಗಿದ ಮೇಲೆ ವ್ರತಾವತರಣ. ಆಗ ವಿದ್ಯಾರ್ಥಿಯ ಕಟ್ಟುಪಾಡುಗಳು ಮುಗಿಯುತ್ತವೆ. ಮಧು ಮಾಂಸ ತ್ಯಾಗ, ಹಿಂಸಾದಿಗಳಿಂದ ದೂರವಿರುವ ವ್ರತ ಮಾತ್ರ ಜೀವನಪೂರ್ತಿ ಉಳಿಯುತ್ತದೆ. ನಂತರ ವಿವಾಹ. ಆಮೇಲೆ ವರ್ಣಲಾಭ: ತಂದೆ ಧನ, ಮನೆ ಕೊಟ್ಟು ಮಗನನ್ನು ಸ್ವತಂತ್ರ ಗೃಹಸ್ಥನನ್ನಾಗಿ ಮಾಡುತ್ತಾನೆ.

ಇಂದು ಈ ಕ್ರಮ ಬದಲಾಗಿದೆ. ದುಡಿಮೆ, ಬೇರೆ ವಾಸ ಮೊದಲು. ಮದುವೆ ಎಷ್ಟೋ ವರ್ಷಗಳ ನಂತರ. ಹೆಣ್ಣುಮಕ್ಕಳಿಗೂ ಇದೇ ದಾರಿ. ಆದ್ದರಿಂದ ಮಾತುಕತೆ ಮದುವೆಯವರೆಗೆ ಕಾಯಬಾರದು. ಮೊದಲ ಸಂಬಳದ ದಿನವೇ ಆಗಬೇಕು. ಪಾಳಿಯ ನಡುವೆ ಸೂರ್ಯಾಸ್ತದೊಳಗಿನ ಊಟ ಎಷ್ಟು ದಿನ ಸಾಧ್ಯ? ಸಂಬಳದಲ್ಲಿ ಖರ್ಚು, ಉಳಿತಾಯ, ದಾನ ಎಷ್ಟೆಷ್ಟು? ಪರಿಗ್ರಹ ಪರಿಮಾಣವೆಂದರೆ ಇದೇ ಲೆಕ್ಕ. ಹಿರಿಯರು ಜೊತೆಗೆ ಕೂರಲಿ, ಮಿತಿಯನ್ನು ಮಕ್ಕಳೇ ಗೊತ್ತುಮಾಡಲಿ. ಮನೆಯವರ ಭಯಕ್ಕೆ ಪಾಲಿಸಿದ ನಿಯಮ ಬಾಡಿಗೆ ರೂಮಿನಲ್ಲಿ ಉಳಿಯುವುದು ಕಷ್ಟ. ತಿಳಿದು ಒಪ್ಪಿಕೊಂಡ ಅಣುವ್ರತ ಜೊತೆಗೆ ಬರುತ್ತದೆ.