ಎಡನೀರು ಮಠದ ಮೊಕದ್ದಮೆ, ಸಂಸತ್ತಿನ ಎಲ್ಲೆ

ಕಾನೂನು ವರದಿಗಳ ಇಂಗ್ಲಿಷ್ ಪುಟಗಳ ನಡುವೆ ನಮ್ಮದೊಂದು ಪದ ಇಂದಿಗೂ ಹಾಗೇ ಕೂತಿದೆ. ‘ಕೇಶವಾನಂದ ಭಾರತಿ ಶ್ರೀಪಾದಗಳವರು ವಿರುದ್ಧ ಕೇರಳ ರಾಜ್ಯ’ ಎಂಬ ಮೊಕದ್ದಮೆಯ ಹೆಸರಿನಲ್ಲಿರುವ ‘ಶ್ರೀಪಾದಗಳವರು’ ಕಾಸರಗೋಡಿನ ಎಡನೀರು ಮಠದಿಂದ ದೆಹಲಿಗೆ ಹೋದ ಪದ. ಯಕ್ಷಗಾನವೆಂದರೆ ಪ್ರಾಣ ಬಿಡುತ್ತಿದ್ದ ಆ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಜಮೀನು ಉಳಿಸಿಕೊಳ್ಳಲು. ವಿಚಾರಣೆ ಬೆಳೆಯುತ್ತ ಹೋದಂತೆ ಜಮೀನು ಹಿಂದೆ ಸರಿಯಿತು. ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆ ಮುಂದೆ ಬಂದು ನಿಂತಿತು.

ತಿದ್ದುಪಡಿಯ ಅಧಿಕಾರ ಇರುವುದು 368ನೇ ವಿಧಿಯಲ್ಲಿ. ಪ್ರತಿ ಸದನದಲ್ಲೂ ಒಟ್ಟು ಸದಸ್ಯರ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಇಷ್ಟು ಸಿಕ್ಕಿದರೆ ಏನು ಬೇಕಾದರೂ ಮಾಡಬಹುದೇ? 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7–6ರ ಕೂದಲೆಳೆಯ ಅಂತರದಲ್ಲಿ ಉತ್ತರ ಕೊಟ್ಟರು: ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಮರುದಿನವೇ ಹೆಗ್ಡೆ, ಶೇಲತ್, ಗ್ರೋವರ್ ಈ ಮೂವರ ಹಿರಿತನ ಬದಿಗಿಟ್ಟು, ಆರು ಜನರ ಕಡೆಯಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಸರ್ಕಾರ ಆರಿಸಿತು. ಮೂವರೂ ರಾಜೀನಾಮೆ ಕೊಟ್ಟರು.

ಚುನಾಯಿತರಲ್ಲದ ನ್ಯಾಯಮೂರ್ತಿಗಳು ಜನಪ್ರತಿನಿಧಿಗಳ ಕೈ ಕಟ್ಟುವುದು ಸರಿಯೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಮೂಲ ಸ್ವರೂಪ ಎಂದರೆ ಯಾವುದು ಯಾವುದು ಎಂಬ ಪೂರ್ತಿ ಪಟ್ಟಿಯನ್ನು ಕೋರ್ಟು ಕೊಟ್ಟಿಲ್ಲ. 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗವನ್ನು ರದ್ದುಮಾಡುವಾಗ, ನ್ಯಾಯಮೂರ್ತಿಗಳನ್ನು ನೇಮಿಸುವವರು ಯಾರೆಂಬ ತನ್ನದೇ ಮನೆಯ ವಿಷಯಕ್ಕೆ ಕೋರ್ಟು ಇದೇ ಅಳತೆಗೋಲು ಹಿಡಿಯಿತು. ಅದು ನನ್ನನ್ನು ಈಗಲೂ ಕಾಡುತ್ತದೆ. ಆದರೂ 1975ರ ಆಗಸ್ಟ್ ನೆನಪಾದಾಗ ನಾನು ಆ ಏಳು ಜನರ ಪಕ್ಕದಲ್ಲೇ ನಿಲ್ಲುತ್ತೇನೆ.

ಆಗ ತುರ್ತು ಪರಿಸ್ಥಿತಿ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿ. ಇಂದಿರಾ ಗಾಂಧಿಯವರ ಚುನಾವಣೆ ಅಸಿಂಧುವೆಂದು ಅಲಹಾಬಾದ್ ಹೈಕೋರ್ಟ್ ಹೇಳಿಯಾಗಿತ್ತು. ಮೇಲ್ಮನವಿ ಆಗಸ್ಟ್ 11ಕ್ಕೆ ಬರುವುದಿತ್ತು. 39ನೇ ತಿದ್ದುಪಡಿ 7ರಂದು ಲೋಕಸಭೆಯಲ್ಲಿ, 8ರಂದು ರಾಜ್ಯಸಭೆಯಲ್ಲಿ ಪಾಸಾಯಿತು. 10ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಪ್ರಧಾನಿಯ ಚುನಾವಣೆ ಕೋರ್ಟಿನ ಕೈಗೆ ಸಿಗಬಾರದು ಎಂಬುದೇ ಅದರ ಸಾರ. ಮತಗಳ ಲೆಕ್ಕದಲ್ಲಿ ಒಂದೂ ಕಡಿಮೆ ಇರಲಿಲ್ಲ. ಆ ನವೆಂಬರಿನಲ್ಲಿ ಪ್ರಧಾನಿಯ ಗೆಲುವನ್ನು ಎತ್ತಿಹಿಡಿದ ಐವರ ಪೀಠವೇ, ಆ ರಕ್ಷಣೆ ಕೊಟ್ಟಿದ್ದ ಉಪವಿಧಿಯನ್ನು ತೆಗೆದುಹಾಕಿತು. ಐವರಲ್ಲಿ ನಾಲ್ವರು 1973ರಲ್ಲಿ ಆರು ಜನರ ಕಡೆಯಿದ್ದವರು. ಎಲ್ಲೆಯ ಅಗತ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪಾಠ ನನಗೆ ಗೊತ್ತಿಲ್ಲ. ಇಂದಿನ ಬಹುಮತ ನಾಳೆಯ ಮತದಾರನ ಬಾಗಿಲಿಗೆ ಬೀಗ ಹಾಕದಂತೆ ಅದು ಕಾಯುತ್ತದೆ.

1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಸಂಸತ್ತು 368ನೇ ವಿಧಿಗೆ ಎರಡು ಉಪವಿಧಿ ಸೇರಿಸಿತು: ತಿದ್ದುಪಡಿಗಳನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ. ಮರುವರ್ಷ ಜನರು ಆ ಸರ್ಕಾರವನ್ನೇ ಇಳಿಸಿದರು. ಬೆಂಗಳೂರು ದಕ್ಷಿಣದಿಂದ ಗೆದ್ದ ಹೆಗ್ಡೆಯವರು 1977ರ ಜುಲೈಯಲ್ಲಿ ಲೋಕಸಭೆಯ ಸ್ಪೀಕರ್ ಆದರು. ಸಂಸತ್ತಿಗೆ ಗೆರೆ ಎಳೆದ ನ್ಯಾಯಮೂರ್ತಿಯೇ ಸಂಸತ್ತಿನ ಮರ್ಯಾದೆ ಕಾಯುವ ಪೀಠದಲ್ಲಿ ಕೂತರು. ಎರಡೂ ಒಂದೇ ಕೆಲಸದ ಎರಡು ಮುಖವೆಂದೇ ನಾನು ತಿಳಿಯುತ್ತೇನೆ.

1978ರಲ್ಲಿ ಜನತಾ ಸರ್ಕಾರ, ಮೂಲ ಲಕ್ಷಣಗಳನ್ನು ಬದಲಿಸಬೇಕಾದರೆ ಜನಮತಗಣನೆ ನಡೆಯಬೇಕೆಂಬ ಪ್ರಸ್ತಾಪ ತಂದಿತು. ಲೋಕಸಭೆ ಒಪ್ಪಿತು, ರಾಜ್ಯಸಭೆ ಒಪ್ಪಲಿಲ್ಲ. ಸಂಸತ್ತಿಗೆ ಅದರ ಇನ್ನೊಂದು ಸದನವೂ ಎಲ್ಲೆಯೇ.

ಆ ಎರಡು ಉಪವಿಧಿಗಳನ್ನು ಬೀಳಿಸಿದ್ದು 1980ರ ಜುಲೈಯಲ್ಲಿ, ಬೆಂಗಳೂರಿನದೇ ಒಂದು ಬಟ್ಟೆ ಗಿರಣಿಯ ಮೊಕದ್ದಮೆ: ಮಿನರ್ವ ಮಿಲ್ಸ್. ಮಿತಿಯುಳ್ಳ ಅಧಿಕಾರ ಪಡೆದವರು ಅದೇ ಅಧಿಕಾರ ಬಳಸಿ ಮಿತಿಯನ್ನೇ ಅಳಿಸಲಾಗದು ಎಂದಿತು ಕೋರ್ಟು. ಸರ್ಕಾರ ಅಚ್ಚುಮಾಡುವ ಸಂವಿಧಾನದ ಪ್ರತಿಯಲ್ಲಿ ಆ ಸಾಲುಗಳು ಇಂದಿಗೂ ಇವೆ. ಅಸಿಂಧುವಾಗಿವೆ ಎಂಬ ಸಣ್ಣಕ್ಷರದ ಟಿಪ್ಪಣಿ ಪುಟದ ಕೆಳಗಿದೆ.