ಅಸ್ಸೀರಿಯ, ಸಿರಿಯ: ಒಂದು ಜನದ ಹೆಸರಿನ ವಿಚಾರ

ಇರಾಕು, ಸಿರಿಯ, ತುರ್ಕಿ, ಇರಾನು ದೇಶಗಳಲ್ಲಿ ಅರಾಮಿಕ್ ಭಾಷೆಯ ಇಂದಿನ ರೂಪಗಳನ್ನಾಡುವ ಕ್ರೈಸ್ತರಿಗೆ ಅಸ್ಸೀರಿಯರು, ಕಲ್ದೀಯರು, ಸುರಿಯಾನಿಗಳು, ಅರಾಮೀಯರು ಎಂಬ ನಾಲ್ಕು ಹೆಸರುಗಳುಂಟು. ಇವು ಒಂದೇ ಜನದ ಹೆಸರುಗಳೋ, ಬೇರೆ ಬೇರೆ ಜನಗಳವೋ ಎಂಬುದೇ ವಿವಾದವಾಗಿದೆ.

ಇವರು ತಮ್ಮ ನುಡಿಯಲ್ಲಿ ತಮ್ಮನ್ನು 'ಸೂರಾಯೆ' ಅಥವಾ 'ಸುರ್ಯೋಯೆ' ಎಂದು ಕರೆದುಕೊಳ್ಳುವರು. 'ಸಿರಿಯ' ಎಂಬುದು 'ಅಸ್ಸೀರಿಯ' ಶಬ್ದದ ಆದಿಸ್ವರಲೋಪದಿಂದಾದ ರೂಪವೆಂದು ಜರ್ಮನ್ ವಿದ್ವಾಂಸನಾದ ನ್ಯೋಲ್ಡೆಕೆ 1871ರಲ್ಲಿ ವಾದಿಸಿದನು. ತುರ್ಕಿಯ ಚಿನೆಕೋಯ್ ಎಂಬಲ್ಲಿ 1997ರಲ್ಲಿ ದೊರೆತ, ಕ್ರಿ. ಪೂ. 8ನೆಯ ಶತಮಾನದ ದ್ವಿಭಾಷಾಶಾಸನವು ಇದಕ್ಕೆ ಬಲವಾದ ಆಧಾರವಾಯಿತು. ಅದರ ಫಿನೀಷಿಯನ್ ಪಾಠದಲ್ಲಿ 'ಅಶ್ಶೂರ್' ಎಂದಿರುವೆಡೆ ಲೂವಿಯನ್ ಪಾಠದಲ್ಲಿ 'ಸುರ' ಎಂದಿದೆ.

ಆದರೆ ಶಬ್ದದ ವ್ಯುತ್ಪತ್ತಿ ಬೇರೆ, ಜನದ ವಂಶಾವಳಿ ಬೇರೆ. ಗ್ರೀಕರು ಸಿರಿಯವೆಂಬ ಹೆಸರನ್ನು ಯೂಫ್ರೆಟಿಸ್ ನದಿಯ ಪಡುವಣ ಅರಾಮೀಯ ನಾಡಿಗೂ ಅನ್ವಯಿಸಿದ್ದರಿಂದ, ಹೆಸರೊಂದರಿಂದಲೇ ನಿನೆವೆಯ ಸಂತತಿಯು ಸಿದ್ಧವಾಗಲಾರದು, ಅಸಿದ್ಧವೂ ಆಗಲಾರದು. ಉಳಿದ ಭೇದಕ್ಕೆ ಧರ್ಮಸಭೆಗಳ ಇತಿಹಾಸವೇ ಮುಖ್ಯ ಕಾರಣ. 16ನೆಯ ಶತಮಾನದಿಂದ ರೋಮಿನೊಡನೆ ಕೂಡುತ್ತ ಬಂದವರಿಗೆ ಕಲ್ದೀಯರೆಂಬ ಹೆಸರು ನಿಂತಿತು. ಕೂಡದೆ ಉಳಿದ ಪೂರ್ವಸಭೆಯ ಒಂದು ಶಾಖೆಯು 1976ರಲ್ಲಿ 'ಅಸ್ಸೀರಿಯ' ಎಂಬ ವಿಶೇಷಣವನ್ನು ಅಂಗೀಕರಿಸಿತು. ಆ ಸಭೆಗೇ ಸೇರಿದ ತ್ರಿಶೂರಿನ ಶಾಖೆಗೆ ಇಂದಿಗೂ 'ಕಲ್ದಾಯ ಸುರಿಯಾನಿ' ಎಂಬುದೇ ರೂಢನಾಮ.

ಈ ಚರ್ಚೆಯು ಕೇವಲ ಶಬ್ದಗಳದಲ್ಲ. 2005ರ ಇರಾಕಿನ ಸಂವಿಧಾನವು ಕಲ್ದೀಯರನ್ನೂ ಅಸ್ಸೀರಿಯರನ್ನೂ ಬೇರೆಬೇರೆಯಾಗಿ ಹೆಸರಿಸಿದೆ. ಅಮೆರಿಕದ 2000ದ ಜನಗಣತಿಯು ಮೂರು ಹೆಸರುಗಳನ್ನು ಒಟ್ಟುಗೂಡಿಸಿ ಒಂದೇ ವರ್ಗದಲ್ಲಿ ಎಣಿಸಿತು. ಅಲ್ಪಸಂಖ್ಯಾತರಾದ ಜನಕ್ಕೆ ಹೆಸರು ಒಡೆದರೆ ಸಂಖ್ಯೆಯೂ ಒಡೆಯುವುದು. ಹೆಸರನ್ನು ಹೊರಗಿನವರು ಹೇರಿದರೆ ಸ್ವತ್ವವೇ ಅಳಿಯುವುದು. ಆದುದರಿಂದ ಶಾಸನವು ಶಬ್ದದ ಮೂಲವನ್ನು ತಿಳಿಸಬಲ್ಲುದೇ ಹೊರತು, ಒಂದು ಜನವು ತನ್ನನ್ನು ಏನೆಂದು ಕರೆದುಕೊಳ್ಳಬೇಕೆಂಬುದನ್ನು ವಿಧಿಸಲಾರದು.